ವಿಂಶಾಂಶದ 12ರಲ್ಲಿ ರಾಹು-ಕೇತು ಇದ್ದರೆ ಹುಡುಗ ಸನ್ಯಾಸಿ ಆಗ್ತಾನಾ?

ಪ್ರಶ್ನೆ: ಸರ್, ನಾವು ಗಂಗಾವತಿಯವರು. ನನ್ನ ತಮ್ಮನಿಗೆ 29 ವರ್ಷ, ರೈಸ್ ಮಿಲ್ ಒಂದರಲ್ಲಿ ಲೆಕ್ಕ ಬರೆಯುತ್ತಾನೆ. ಈಚೆಗೆ ಹನುಮಮಾಲೆ ಹಾಕಲು ಶುರು ಮಾಡಿದ್ದಾನೆ, ಶನಿವಾರ ತಪ್ಪದೆ ಅಂಜನಾದ್ರಿ ಹತ್ತುತ್ತಾನೆ, ಬೆಳಗ್ಗೆ ಒಂದು ತಾಸು ಜಪಕ್ಕೆ ಕೂರುತ್ತಾನೆ. ಸಿಂಧನೂರು ಕಡೆಯ ಒಂದು ಸಂಬಂಧ ಕೂಡಿ ಬಂದಿತ್ತು. ಅಷ್ಟರಲ್ಲಿ ಹುಡುಗಿಯ ಸೋದರಮಾವ ಮೊಬೈಲ್ ಆ್ಯಪ್‌ನಲ್ಲಿ ಇವನ ಜಾತಕ ಹಾಕಿ ಯಾರಿಗೋ ತೋರಿಸಿದ್ದಾರೆ. ವಿಂಶಾಂಶ ಕುಂಡಲಿಯಲ್ಲಿ 12ನೇ ಮನೆಯಲ್ಲಿ ರಾಹು, ಕೇತು ಎರಡೂ ಒಟ್ಟಿಗಿವೆ, ಇದು ಕಂಡು ಕೇಳರಿಯದ ದೋಷ, ಹುಡುಗ ಇವತ್ತಲ್ಲ ನಾಳೆ ಮನೆ ಬಿಡುತ್ತಾನೆ, ದೊಡ್ಡ ಶಾಂತಿ ಆಗಲೇಬೇಕು ಅಂದರಂತೆ. ಬೆರಳಿಗೆ ವೈಡೂರ್ಯವನ್ನೂ ಹಾಕಿಸಬೇಕಂತೆ. ತಮ್ಮ ಹುಟ್ಟಿದ್ದು ಗಂಗಾವತಿ ಆಸ್ಪತ್ರೆಯಲ್ಲಿ. ಅವ್ವ ಬೆಳಗಿನ ಜಾವ 5.40 ಅಂತಾಳೆ, ಆಸ್ಪತ್ರೆ ಚೀಟಿಯಲ್ಲಿ 5.50 ಇದೆ. ಆ್ಯಪ್‌ನಲ್ಲಿ ನಾವು ಕೊಟ್ಟ 5.40 ಹಾಕಿ, ಊರು ಬೆಂಗಳೂರು ಅಂತ ಹಾಕಿದ್ದಾರೆ. ಇದು ನಿಜವಾ? ನಾವೇನು ಮಾಡಬೇಕು?

ಉತ್ತರ:

ರಾಹು-ಕೇತು ಒಂದೇ ಮನೆಯಲ್ಲಿರುವ ವಿಷಯವನ್ನು ಮೊದಲು ಮುಗಿಸಿಬಿಡೋಣ, ನಿಮ್ಮನ್ನು ಜಾಸ್ತಿ ಹೆದರಿಸಿರೋದು ಅದೇ ಅಲ್ವಾ. ತಂಗೀ, ವಿಂಶಾಂಶದಲ್ಲಿ, ಅಂದರೆ ಒಂದೊಂದು ರಾಶಿಯನ್ನು 20 ತುಂಡು ಮಾಡಿ ಹಾಕುವ ಕುಂಡಲಿಯಲ್ಲಿ, ರಾಹು, ಕೇತು ಎಲ್ಲರ ಜಾತಕದಲ್ಲೂ ಒಂದೇ ಮನೆಯಲ್ಲಿರುತ್ತವೆ. ನಿಮ್ಮ ಜಾತಕ ತೆಗೆದು ನೋಡಿ, ಅಲ್ಲೂ ಒಟ್ಟಿಗೇ ಇವೆ. ನನ್ನದರಲ್ಲೂ ಇವೆ. ಆ ಹುಡುಗಿಯದರಲ್ಲಿ, ಆಕೆಯ ಸೋದರಮಾವನದರಲ್ಲಿ, ಶಾಂತಿ ಮಾಡಿಸಿ ಅಂದ ಆ ಪುಣ್ಯಾತ್ಮರ ಜಾತಕದಲ್ಲೂ ಹಾಗೇ ಇದೆ. ಪರಾಶರರ ಲೆಕ್ಕದಲ್ಲಿ ವಿಂಶಾಂಶ ಹಾಕಿದರೆ ಅವೆರಡು ಬೇರೆ ಬೇರೆ ಮನೆಗೆ ಹೋಗಲು ದಾರಿಯೇ ಇಲ್ಲ.

ಯಾಕೆ ಅಂತ ಹೇಳುತ್ತೇನೆ, ಒಂದು ಹಾಳೆ ತಗೊಂಡು ನೀವೇ ಹಾಕಿ ನೋಡಬಹುದು. ಒಂದು ರಾಶಿಗೆ 30 ಡಿಗ್ರಿ. ಅದನ್ನು 20 ತುಂಡು ಮಾಡಿದರೆ ಒಂದೊಂದು ತುಂಡು ಒಂದೂವರೆ ಡಿಗ್ರಿ. ಗ್ರಹ ಎಷ್ಟನೇ ತುಂಡಿನಲ್ಲಿದೆ ಅಂತ ನೋಡಿ, ಅಷ್ಟು ರಾಶಿ ಎಣಿಸಬೇಕು. ಎಲ್ಲಿಂದ ಎಣಿಸಬೇಕು? ಗ್ರಹ ಚರ ರಾಶಿಯಲ್ಲಿದ್ದರೆ, ಅಂದರೆ ಮೇಷ, ಕರ್ಕಾಟಕ, ತುಲಾ, ಮಕರದಲ್ಲಿದ್ದರೆ, ಮೇಷದಿಂದ. ವೃಷಭ, ಸಿಂಹ, ವೃಶ್ಚಿಕ, ಕುಂಭ ಸ್ಥಿರ ರಾಶಿಗಳು, ಅಲ್ಲಿದ್ದರೆ ಧನುವಿನಿಂದ. ಉಳಿದ ನಾಲ್ಕು ದ್ವಿಸ್ವಭಾವ ರಾಶಿಗಳಾದರೆ ಸಿಂಹದಿಂದ. ಇಷ್ಟೇ ಸೂತ್ರ.

ಈಗ ರಾಹು ಮೇಷದಲ್ಲಿ 10 ಡಿಗ್ರಿಯಲ್ಲಿದೆ ಅಂದುಕೊಳ್ಳಿ. ಅದು 7ನೇ ತುಂಡು. ಮೇಷದಿಂದ ಏಳು ಎಣಿಸಿದರೆ ತುಲಾ. ಕೇತು ಯಾವಾಗಲೂ ರಾಹುವಿನ ಸರಿಯಾಗಿ ಎದುರಿಗೆ, 180 ಡಿಗ್ರಿ ದೂರದಲ್ಲಿ. ಹಾಗಾಗಿ ಅದು ತುಲಾದಲ್ಲಿ 10 ಡಿಗ್ರಿ. ಅದೂ 7ನೇ ತುಂಡೇ. ತುಲಾ ಕೂಡ ಚರ ರಾಶಿ, ಎಣಿಕೆ ಮತ್ತೆ ಮೇಷದಿಂದಲೇ. ಏಳು ಎಣಿಸಿ, ತುಲಾ! ಎದುರುಬದುರು ರಾಶಿಗಳು ಯಾವಾಗಲೂ ಒಂದೇ ಜಾತಿಯವು: ಚರದ ಎದುರು ಚರ, ಸ್ಥಿರದ ಎದುರು ಸ್ಥಿರ. ಅದಕ್ಕೇ ಎರಡೂ ಒಂದೇ ಮನೆಗೆ ಬಂದು ಕೂರುತ್ತವೆ. 16 ತುಂಡಿನ ಷೋಡಶಾಂಶ, 24 ತುಂಡಿನ ಚತುರ್ವಿಂಶಾಂಶದಲ್ಲೂ ಹೀಗೇ. 9 ತುಂಡಿನ ನವಾಂಶ, 12 ತುಂಡಿನ ದ್ವಾದಶಾಂಶದಲ್ಲಿ ಮಾತ್ರ ಎಣಿಕೆ ಶುರುವಾಗುವ ಜಾಗ ಬೇರೆ, ಅಲ್ಲಿ ಅವು ಮೂಲ ರಾಶಿ ಕುಂಡಲಿಯಲ್ಲಿದ್ದಂತೆ ಎದುರುಬದುರೇ ಇರುತ್ತವೆ.

ಇದನ್ನು "ಕಂಡು ಕೇಳರಿಯದ ದೋಷ" ಅಂದವರು ಒಂದೋ ಎರಡನೇ ವಿಂಶಾಂಶವನ್ನು ಜೀವನದಲ್ಲಿ ನೋಡಿಲ್ಲ, ಇಲ್ಲವೇ ನೋಡಿಯೂ ಹಾಗಂದಿದ್ದಾರೆ. ಯಾವುದು ಅಂತ ನಾನು ಹೇಳೋಕೆ ಹೋಗಲ್ಲ. ಶಾಂತಿಯ ಖರ್ಚಂತೂ ಉಳಿಯಿತು.

ಇನ್ನು ಉಳಿದದ್ದು 12ನೇ ಮನೆ. ಕೇತು ಮೋಕ್ಷಕಾರಕ, 12 ಮೋಕ್ಷಸ್ಥಾನ, ವಿಂಶಾಂಶ ಅಧ್ಯಾತ್ಮದ ಕುಂಡಲಿ, ಮೂರೂ ಸೇರಿತು, ಹುಡುಗ ಕಾವಿ ಉಡುತ್ತಾನೆ ಅನ್ನೋದು ಅವರ ವಾದ. ಕೇಳೋಕೆ ಚೆನ್ನಾಗಿದೆ. ಆದರೆ ಆ 12 ಅನ್ನೋ ಅಂಕಿ ಎಲ್ಲಿಂದ ಬಂತು ಅಂತ ಒಮ್ಮೆ ಹಿಂದಕ್ಕೆ ಹೋಗಿ ನೋಡಬೇಕು.

ಹುಟ್ಟಿದ ಹೊತ್ತಿಗೆ ಪೂರ್ವದಲ್ಲಿ ಉದಯಿಸುವ ಜಾಗವೇ ಲಗ್ನ, ಮನೆ ಎಣಿಸೋದು ಅಲ್ಲಿಂದಲೇ. ಅದು ಒಂದು ಡಿಗ್ರಿ ಸರಿಯೋಕೆ ಸರಾಸರಿ 4 ನಿಮಿಷ. ವಿಂಶಾಂಶದ ಒಂದು ತುಂಡು ಒಂದೂವರೆ ಡಿಗ್ರಿ, ಅಂದರೆ 6 ನಿಮಿಷ. ಪ್ರತಿ 6 ನಿಮಿಷಕ್ಕೊಮ್ಮೆ ವಿಂಶಾಂಶ ಲಗ್ನ ಮುಂದಿನ ರಾಶಿಗೆ ಹೋಗುತ್ತದೆ, 72 ನಿಮಿಷದಲ್ಲಿ ಹನ್ನೆರಡೂ ರಾಶಿ ಸುತ್ತಿ ಬರುತ್ತದೆ. ಕೇತು ಮಾತ್ರ ಬಹಳ ನಿಧಾನ, ವಿಂಶಾಂಶದಲ್ಲಿ ಒಂದು ರಾಶಿ ದಾಟೋಕೆ ಸುಮಾರು ನಾಲ್ಕು ವಾರ ಬೇಕು. ಆ ನಾಲ್ಕು ವಾರದಲ್ಲಿ ಹುಟ್ಟಿದ ಅಷ್ಟೂ ಮಕ್ಕಳಿಗೆ ವಿಂಶಾಂಶದ ಕೇತು ಒಂದೇ ರಾಶಿಯಲ್ಲಿ. ಅವನು 12ರಲ್ಲೋ 2ರಲ್ಲೋ ಅಂತ ತೀರ್ಮಾನ ಆಗೋದು ಲಗ್ನದಿಂದ ಮಾತ್ರ, ಅಂದರೆ ಆ 6 ನಿಮಿಷದಿಂದ. ಲೆಕ್ಕ ಹಾಕಿ ನೋಡಿ: ಒಂದು ದಿನದಲ್ಲಿ 20 ಸಲ, ಪ್ರತಿ ಸಲ 6 ನಿಮಿಷ, "ವಿಂಶಾಂಶದ 12ರಲ್ಲಿ ಕೇತು" ಬಂದೇ ಬರುತ್ತದೆ. ದಿನಕ್ಕೆ ಎರಡು ಗಂಟೆ. ಹನ್ನೆರಡು ಮಕ್ಕಳಲ್ಲಿ ಒಂದು ಮಗುವಿಗೆ ಈ ಯೋಗ. ಅಷ್ಟು ಜನ ಸನ್ಯಾಸ ತಗೊಂಡಿದ್ದರೆ ಗಂಗಾವತಿ ಮಿಲ್‌ಗಳಲ್ಲಿ ಭತ್ತದ ಚೀಲ ಇಳಿಸೋಕೂ ಆಳು ಸಿಗುತ್ತಿರಲಿಲ್ಲ.

ಈಗ ನಿಮ್ಮ ತಮ್ಮನ ಹೊತ್ತಿಗೆ ಬರೋಣ. ಅವ್ವ 5.40 ಅಂತಾರೆ, ಚೀಟಿ 5.50 ಅನ್ನುತ್ತದೆ. ರಾಶಿ ಕುಂಡಲಿಗೆ ಈ 10 ನಿಮಿಷ ಏನೂ ಅಲ್ಲ, ಒಂದು ಲಗ್ನ ಹೆಚ್ಚುಕಡಿಮೆ ಎರಡು ಗಂಟೆ ಇರುತ್ತದೆ, ಎರಡು ರಾಶಿ ಕೂಡುವ ಸಂಧಿಯಲ್ಲಿ ಇಲ್ಲದಿದ್ದರೆ ಸಾಕು. ನವಾಂಶ ಲಗ್ನಕ್ಕೆ 13 ನಿಮಿಷ 20 ಸೆಕೆಂಡ್, ಅಲ್ಲಿ ಸ್ವಲ್ಪ ಅನುಮಾನ ಶುರುವಾಗುತ್ತದೆ. ವಿಂಶಾಂಶಕ್ಕೆ 10 ನಿಮಿಷ ಅಂದರೆ ಒಂದೋ ಎರಡೋ ಮನೆ ಪೂರಾ ಆಚೀಚೆ. ಲೇಬರ್ ರೂಮಿನಲ್ಲಿ ತಾಯಿ ಮಗುವನ್ನು ನೋಡಿಕೊಳ್ಳೋದು ಬಿಟ್ಟು ಯಾರೂ ಗಡಿಯಾರ ನೋಡುತ್ತಾ ನಿಂತಿರೋದಿಲ್ಲ. ಕೈ ತೊಳೆದುಕೊಂಡು ಬಂದು ಚೀಟಿ ಬರೆಯುವಾಗ 5ರ ಲೆಕ್ಕದಲ್ಲೋ 10ರ ಲೆಕ್ಕದಲ್ಲೋ ಬರೆದುಬಿಡುತ್ತಾರೆ. ಅದು ತಪ್ಪೂ ಅಲ್ಲ, ಅವರು ಬರೆದದ್ದು ಆಸ್ಪತ್ರೆಯ ದಾಖಲೆಗೆ, ವಿಂಶಾಂಶಕ್ಕಲ್ಲ. ಹೋಗಲಿ, ಹುಟ್ಟಿದ ಹೊತ್ತು ಅಂದರೆ ಯಾವುದು? ತಲೆ ಕಂಡದ್ದಾ, ಮಗು ಅತ್ತದ್ದಾ, ಹೊಕ್ಕುಳ ಬಳ್ಳಿ ಕತ್ತರಿಸಿದ್ದಾ? ಜ್ಯೋತಿಷಿಗಳಲ್ಲೇ ಇದಕ್ಕೆ ಒಂದು ಮಾತಿಲ್ಲ.

ಊರು ಬೆಂಗಳೂರು ಅಂತ ಹಾಕಿದ್ದು ಇನ್ನೊಂದು. ಇದನ್ನು ಜನ ಸಣ್ಣ ವಿಷಯ ಅಂದುಕೊಳ್ಳುತ್ತಾರೆ. ಗಂಗಾವತಿ ಬೆಂಗಳೂರಿಗಿಂತ ಒಂದು ಡಿಗ್ರಿಗೂ ಸ್ವಲ್ಪ ಜಾಸ್ತಿ ಪಶ್ಚಿಮಕ್ಕಿದೆ. ರೇಖಾಂಶದ ಒಂದು ಡಿಗ್ರಿಗೆ 4 ನಿಮಿಷ. ಗಡಿಯಾರ ಇಡೀ ದೇಶಕ್ಕೆ ಒಂದೇ ಆದರೂ ಲಗ್ನ ನೋಡೋದು ಆ ಜಾಗದ ಸಮಯವನ್ನು, ಹಾಗಾಗಿ ಬೆಂಗಳೂರು ಹಾಕಿದರೆ ಲಗ್ನ ಸುಮಾರು 4 ನಿಮಿಷ ಮುಂದೆ ಓಡುತ್ತದೆ. ಅಕ್ಷಾಂಶದಿಂದ ಬರುವ ವ್ಯತ್ಯಾಸ ಬೇರೆ. ಬೆಂಗಳೂರು ಯಾಕೆ, ನಮ್ಮ ಭಾಗದಲ್ಲೇ ನೋಡಿ, ಕೊಪ್ಪಳಕ್ಕೂ ರಾಯಚೂರಿಗೂ ಸುಮಾರು 5 ನಿಮಿಷದ ವ್ಯತ್ಯಾಸ ಇದೆ. ಕೊಪ್ಪಳದಲ್ಲಿ ಹುಟ್ಟಿದವನಿಗೆ ರಾಯಚೂರು ಅಂತ ಹಾಕಿದರೆ ವಿಂಶಾಂಶ ಲಗ್ನ ಬದಲಾಗುವ ಸಾಧ್ಯತೆಯೇ ಜಾಸ್ತಿ.

ಆ್ಯಪ್ ನಿಮ್ಮ ಕೈಯಲ್ಲೇ ಇದೆಯಲ್ಲ, ಊರು ಗಂಗಾವತಿ ಹಾಕಿ ಮೊದಲು 5.40 ಕೊಡಿ. ಆಮೇಲೆ 5.45. ಆಮೇಲೆ 5.50. ಪ್ರತಿ ಸಲ ವಿಂಶಾಂಶದ ಲಗ್ನ ಎಲ್ಲಿದೆ, ಕೇತು ಎಷ್ಟನೇ ಮನೆ ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಕೇತು ಇದ್ದಲ್ಲೇ ಇರುತ್ತದೆ, ಲಗ್ನ ಮುಂದಕ್ಕೆ ಓಡುತ್ತದೆ. ಬೆಂಗಳೂರಿನ 5.40ಕ್ಕೆ 12ರಲ್ಲಿದ್ದ ಕೇತು ಗಂಗಾವತಿಯ 5.40ಕ್ಕೆ ಲಗ್ನಕ್ಕೇ ಬಂದುಬಿಡಬಹುದು, ಚೀಟಿಯ 5.50 ಹಾಕಿದರೆ 11ಕ್ಕೆ ಹೋಗಬಹುದು. 11 ಲಾಭಸ್ಥಾನ. ಅದೇ ಹುಡುಗ, ಅದೇ ಬೆಳಗು, ಒಂದು ಕಡೆ ಸನ್ಯಾಸಿ, ಇನ್ನೊಂದು ಕಡೆ ಲಾಭ! ಆ ಸೋದರಮಾವನಿಗೆ ಬೇರೆ ಏನೂ ಹೇಳಬೇಡಿ, ಈ ಮೂರು ಸಾಲಿನ ಚೀಟಿ ತೋರಿಸಿ ಸಾಕು.

ಮೂರನೆಯದು ಅಯನಾಂಶ. ಇದು ಸ್ವಲ್ಪ ತಲೆ ತಿನ್ನುವ ವಿಷಯ, ಆದರೆ ವರ್ಗ ಕುಂಡಲಿಯ, ಅಂದರೆ ಹೀಗೆ ರಾಶಿಯನ್ನು ತುಂಡು ಮಾಡಿ ಹಾಕುವ ಕುಂಡಲಿಗಳ, ಹಣೆಬರಹ ಇಲ್ಲೇ ಇದೆ. ರಾಶಿಚಕ್ರದ ಶುರು ಎಲ್ಲಿ ಅನ್ನೋದನ್ನು ತೀರ್ಮಾನಿಸುವ ಅಂಕಿ ಇದು. 1952ರಲ್ಲಿ ಕೇಂದ್ರ ಸರ್ಕಾರ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿ ಮಾಡಿತು, ಅಲ್ಲಿಂದ ಲಾಹಿರಿ ಅಯನಾಂಶ ಚಾಲ್ತಿಗೆ ಬಂತು, ಹೆಚ್ಚಿನ ಆ್ಯಪ್‌ಗಳಲ್ಲಿ ತಾನಾಗಿಯೇ ಇರೋದು ಅದು. ಬೆಂಗಳೂರಿನ ಬಿ.ವಿ. ರಾಮನ್ ಅವರು ಬಳಸುತ್ತಿದ್ದ ಅಯನಾಂಶ ಅದಕ್ಕಿಂತ ಸುಮಾರು 1 ಡಿಗ್ರಿ 27 ಕಲೆ ಕಡಿಮೆ (60 ಕಲೆಗೆ ಒಂದು ಡಿಗ್ರಿ). ಅದನ್ನು ಬಳಸುವ ಜ್ಯೋತಿಷಿಗಳು ಇವತ್ತಿಗೂ ಇದ್ದಾರೆ. ರಾಶಿ ಕುಂಡಲಿಯಲ್ಲಿ ಈ ವ್ಯತ್ಯಾಸ ಅಷ್ಟಾಗಿ ಕಾಣಲ್ಲ. ವಿಂಶಾಂಶದ ಒಂದು ತುಂಡೇ ಒಂದೂವರೆ ಡಿಗ್ರಿ, ಅಂದರೆ ಅಯನಾಂಶ ಬದಲಾಯಿಸಿದರೆ ಹೆಚ್ಚುಕಡಿಮೆ ಎಲ್ಲ ಗ್ರಹಗಳೂ ಒಂದು ಮನೆ ಮುಂದಕ್ಕೆ ಹೋಗುತ್ತವೆ.

ಒಂದು ಉದಾಹರಣೆ ಕೊಡುತ್ತೇನೆ. ಲಾಹಿರಿ ಪ್ರಕಾರ ಗುರು ಕರ್ಕಾಟಕದಲ್ಲಿ 13 ಡಿಗ್ರಿ. ಉಚ್ಚ ಗುರು, ಅಂದರೆ ಬಲ ಅತಿ ಹೆಚ್ಚು. 13 ಡಿಗ್ರಿ ಅಂದರೆ 9ನೇ ತುಂಡು, ಕರ್ಕಾಟಕ ಚರ ರಾಶಿ, ಮೇಷದಿಂದ ಒಂಬತ್ತು ಎಣಿಸಿದರೆ ಧನು. ಗುರುವಿನ ಸ್ವಂತ ಮನೆ. "ವಿಂಶಾಂಶದಲ್ಲೂ ಸ್ವಕ್ಷೇತ್ರ, ಮಹಾ ಉಪಾಸಕ" ಅಂತ ಬರೆದುಕೊಡಬಹುದು. ಅದೇ ಜಾತಕವನ್ನು ರಾಮನ್ ಅಯನಾಂಶದಲ್ಲಿ ಹಾಕಿ: ಗುರು 14 ಡಿಗ್ರಿ 27 ಕಲೆ, 10ನೇ ತುಂಡು, ಮಕರ. ಗುರುವಿಗೆ ನೀಚ, ಬಲ ಅತಿ ಕಡಿಮೆ! ಆಕಾಶದಲ್ಲಿ ಗುರು ಒಂದು ಕೂದಲೆಳೆಯಷ್ಟೂ ಅಲುಗಿಲ್ಲ. ಆ್ಯಪ್‌ನ ಸೆಟ್ಟಿಂಗ್ ಅಲುಗಿದೆ ಅಷ್ಟೇ. ನಮ್ಮ ಕಡೆ ಸೂರ್ಯಸಿದ್ಧಾಂತದ ಪಂಚಾಂಗ ನೋಡುವ ಮನೆಗಳೂ ಇವೆ, ಆಕಾಶದಲ್ಲಿ ಕಾಣುವುದಕ್ಕೆ ಹೊಂದಿಸಿದ ದೃಗ್ಗಣಿತದ ಪಂಚಾಂಗ ನೋಡುವವರೂ ಇದ್ದಾರೆ, ಅವುಗಳಲ್ಲಿ ಗ್ರಹದ ಡಿಗ್ರಿಯೇ ಬೇರೆ ಬೇರೆ ಬರುತ್ತದೆ. ಹೊಲದ ಬಾಂದುಕಲ್ಲು ಎಲ್ಲಿದೆ ಅಂತಲೇ ಜಗಳ ಇರುವಾಗ ಗುಂಟೆ ಲೆಕ್ಕದಲ್ಲಿ ಪಾಲು ಮಾಡಲು ಕೂತಂತೆ ಇದು.

ಹಾಗಂತ ವರ್ಗ ಕುಂಡಲಿಗಳೇ ಸುಳ್ಳು ಅಂತ ನಾನು ಹೇಳುತ್ತಿಲ್ಲ. ನಾನೂ ನೋಡುತ್ತೇನೆ. ಪರಾಶರರು ಒಟ್ಟು 16 ವರ್ಗ ಹೇಳಿದ್ದಾರೆ, ರಾಶಿಯಿಂದ 60 ತುಂಡಿನ ಷಷ್ಟ್ಯಂಶದವರೆಗೆ. ಮದುವೆಗೂ ಧರ್ಮಕ್ಕೂ ನವಾಂಶ, ಮಕ್ಕಳಿಗೆ ಸಪ್ತಾಂಶ, ಕೆಲಸಕ್ಕೆ ದಶಾಂಶ, ತಂದೆ ತಾಯಿಗೆ ದ್ವಾದಶಾಂಶ, ಉಪಾಸನೆಗೆ ವಿಂಶಾಂಶ, ಹೀಗೆ. ಆದರೆ ಎಲ್ಲದಕ್ಕೂ ಒಂದೇ ತೂಕ ಕೊಟ್ಟಿಲ್ಲ. ವಿಂಶೋಪಕ ಬಲ ಅಂತ ಒಂದು ಲೆಕ್ಕ ಇದೆ, ಒಟ್ಟು 20 ಅಂಕ. ಹದಿನಾರೂ ವರ್ಗ ಹಿಡಿದರೆ ಅದರಲ್ಲಿ ರಾಶಿಗೆ ಮೂರೂವರೆ, ನವಾಂಶಕ್ಕೆ 3, ಷಷ್ಟ್ಯಂಶಕ್ಕೆ 4, ಷೋಡಶಾಂಶಕ್ಕೆ 2. ವಿಂಶಾಂಶಕ್ಕೆ ಎಷ್ಟು ಗೊತ್ತಾ? ಅರ್ಧ. 20ಕ್ಕೆ ಅರ್ಧ ಅಂಕ! ಆ ಅರ್ಧ ಅಂಕದ ಮೇಲೆ ಒಂದು ಸಂಬಂಧ ಮುರಿಯಲು ಹೊರಟಿದ್ದಾರೆ.

ಷಷ್ಟ್ಯಂಶಕ್ಕೆ 4 ಅಂಕ ಕೊಟ್ಟಿದ್ದಾರಲ್ಲ, ಅದನ್ನೇ ನೋಡಿಸೋಣ ಅಂತ ನಿಮಗೆ ಅನ್ನಿಸಬಹುದು. ಬೇಡ. ಅಲ್ಲಿ ಲಗ್ನ 2 ನಿಮಿಷಕ್ಕೊಮ್ಮೆ ಬದಲಾಗುತ್ತದೆ. ಹಿಂದಿನ ಜನ್ಮದ ಕರ್ಮ ಹೇಳುತ್ತೇವೆ ಅಂತ ಅದನ್ನು ಮುಂದಿಟ್ಟುಕೊಂಡು ಕೂರುವವರ ಹತ್ತಿರ, 10 ನಿಮಿಷ ಅನುಮಾನ ಇರುವ ಜಾತಕ ತಗೊಂಡು ಹೋಗಲೇಬೇಡಿ.

ಇನ್ನೊಂದು ಮಾತು, ಇದನ್ನು ಆ್ಯಪ್ ಹೇಳಲ್ಲ. ವರ್ಗ ಕುಂಡಲಿಯಲ್ಲಿ ಮನೆ ಎಣಿಸಬಹುದಾ ಅನ್ನೋದರಲ್ಲೇ ಜ್ಯೋತಿಷಿಗಳಲ್ಲಿ ಎರಡು ಪಂಗಡ ಇದೆ. ಗ್ರಹ ಯಾರ ವರ್ಗದಲ್ಲಿದೆ, ಉಚ್ಚವೋ ನೀಚವೋ ಸ್ವಂತದ್ದೋ ಅಂತ ನೋಡಿ ಬಲ ತಿಳಿಯಿರಿ, ಅಷ್ಟಕ್ಕೆ ಮುಗಿಯಿತು, ಅಲ್ಲಿ ಭಾವ (ಮನೆ), ದೃಷ್ಟಿ ಎಲ್ಲ ಎಳೆಯಬೇಡಿ ಅನ್ನುವವರು ಒಂದು ಕಡೆ. ಪೂರಾ ಕುಂಡಲಿಯ ಹಾಗೆ ಓದುವವರು ಇನ್ನೊಂದು ಕಡೆ. ನಾನು ಮೊದಲನೇ ಕಡೆಗೇ ಜಾಸ್ತಿ ವಾಲುತ್ತೇನೆ. ಬುಧ ಆಕಾಶದಲ್ಲಿ ಸೂರ್ಯನಿಂದ 28 ಡಿಗ್ರಿ ಆಚೆ ಹೋಗಲ್ಲ, ವಿಂಶಾಂಶದಲ್ಲಿ ನೋಡಿದರೆ ಕೆಲವೊಮ್ಮೆ ಸೂರ್ಯನ ಎದುರಿಗೇ ಕೂತಿರುತ್ತಾನೆ. ಅಂಥ ಕಡೆ "ಏಳನೇ ದೃಷ್ಟಿ" ಅಂದರೆ ಯಾರು ಯಾರನ್ನು ನೋಡಿದ ಹಾಗಾಯಿತು?

ಹೊತ್ತು ಪಕ್ಕಾ ಇಲ್ಲದಿದ್ದರೂ ವಿಂಶಾಂಶದಲ್ಲಿ ಕೆಲವನ್ನು ನಂಬಬಹುದು. 10 ನಿಮಿಷದಲ್ಲಿ ಲಗ್ನ ಓಡುತ್ತದೆ, ಗ್ರಹಗಳು ಓಡಲ್ಲ. ಚಂದ್ರ ಒಂದು ವಿಂಶಾಂಶ ದಾಟೋಕೆ ಸರಾಸರಿ ಎರಡೂವರೆ ಗಂಟೆಗಿಂತ ಜಾಸ್ತಿ ತಗೊಳ್ಳುತ್ತಾನೆ, ಸೂರ್ಯ ಒಂದೂವರೆ ದಿನ, ಗುರು ಶನಿ ವಾರಗಟ್ಟಲೆ. ಹಾಗಾಗಿ ಯಾವ ಅಯನಾಂಶ ಅಂತ ಒಂದನ್ನು ಗಟ್ಟಿ ಮಾಡಿಕೊಂಡರೆ, ಗುರು ವಿಂಶಾಂಶದಲ್ಲಿ ಯಾವ ರಾಶಿಯಲ್ಲಿದ್ದಾನೆ ಅಂತ ಹೇಳಬಹುದು. ಎಷ್ಟನೇ ಮನೆ ಅಂತ ಹೇಳೋಕಾಗಲ್ಲ. ಮತ್ತೆ ವಿಂಶಾಂಶ ಹೇಳೋದಾದರೂ ಏನನ್ನು? ಉಪಾಸನೆಯನ್ನು. ಒಬ್ಬೊಬ್ಬರ ಮನಸ್ಸು ಯಾವ ದೇವರ ಕಡೆ, ಎಂಥ ಸಾಧನೆಯ ಕಡೆ ಹರಿಯುತ್ತದೆ ಅನ್ನೋದನ್ನು. ಇಪ್ಪತ್ತು ತುಂಡಿಗೂ ಒಬ್ಬೊಬ್ಬ ದೇವತೆ ಇದ್ದಾರೆ, ಬೆಸ ರಾಶಿಗಳಲ್ಲಿ ಕಾಳಿ, ಗೌರಿ ಅಂತ ಶುರುವಾಗುತ್ತದೆ. ಮನೆ ಬಿಡುತ್ತಾನೋ ಇಲ್ಲವೋ ಅನ್ನೋದು ಆ ಕುಂಡಲಿಗೆ ಕೇಳುವ ಪ್ರಶ್ನೆಯೇ ಅಲ್ಲ.

ಸನ್ಯಾಸದ ಪ್ರಶ್ನೆಯನ್ನು ಶಾಸ್ತ್ರ ಕೇಳಿದ್ದು ಬೇರೆ ಕಡೆ. ವರಾಹಮಿಹಿರ ಪ್ರವ್ರಜ್ಯಾ (ಸನ್ಯಾಸ) ಯೋಗ ಅಂತ ಒಂದು ಅಧ್ಯಾಯವನ್ನೇ ಬರೆದಿದ್ದಾನೆ. ರಾಶಿ ಕುಂಡಲಿಯಲ್ಲಿ ನಾಲ್ಕು ಅಥವಾ ಜಾಸ್ತಿ ಗ್ರಹ ಒಂದೇ ಮನೆಯಲ್ಲಿ ಬಲವಾಗಿ ಸೇರಿರಬೇಕು, ಅವುಗಳಲ್ಲಿ ಯಾರಿಗೆ ಬಲ ಜಾಸ್ತಿಯೋ ಅವರ ಮೇಲೆ ಎಂಥ ಸನ್ಯಾಸ ಅಂತ ನಿರ್ಣಯ. ಬಲವಾದ ಗ್ರಹ ಸೂರ್ಯನ ಹತ್ತಿರ ಹೋಗಿ ಅಸ್ತವಾಗಿದ್ದರೆ ದೀಕ್ಷೆ ಇಲ್ಲ, ಬರೀ ಭಕ್ತಿ. ಎರಡು ಗ್ರಹ ತೀರಾ ಹತ್ತಿರ ಬರುವ ಗ್ರಹಯುದ್ಧದಲ್ಲಿ ಸೋತಿದ್ದರೆ ತಗೊಂಡ ಸನ್ಯಾಸ ಬಿಟ್ಟು ಬರುತ್ತಾನೆ ಅಂತಲೂ ಇದೆ, ಎಷ್ಟು ಯೋಚನೆ ಮಾಡಿದ್ದಾರೆ ನೋಡಿ. ಚಂದ್ರ ಮತ್ತು ಶನಿಯ ಸಂಬಂಧದಿಂದ ಬರುವ ಯೋಗಗಳೂ ಇವೆ, ಅಲ್ಲಿ ದ್ರೇಕ್ಕಾಣ (ರಾಶಿಯ ಮೂರನೇ ಒಂದು ಪಾಲು), ನವಾಂಶ ಬರುತ್ತದೆ. ವಿಂಶಾಂಶದ ಸುದ್ದಿ ಇಲ್ಲ.

ಆ ಯೋಗ ಇದ್ದರೂ ಗಾಬರಿ ಆಗೋದು ಬೇಡ. 1962ರ ಫೆಬ್ರವರಿ ಮೊದಲ ವಾರದಲ್ಲಿ ಮಕರ ರಾಶಿಯಲ್ಲಿ ಎಂಟು ಗ್ರಹ ಸೇರಿದ್ದವು, ಅಷ್ಟಗ್ರಹ ಕೂಟ ಅಂತ ಮನೆಯಲ್ಲಿ ಹಿರಿಯರನ್ನು ಕೇಳಿ, ಪ್ರಳಯ ಆಗುತ್ತದೆ ಅಂತ ಊರೂರಲ್ಲಿ ಹೋಮ ಹವನ ನಡೆದವು. ಆ ದಿನಗಳಲ್ಲಿ ಹುಟ್ಟಿದ ಮಕ್ಕಳಿಗೆ ನಾಲ್ಕಲ್ಲ, ಎಂಟು ಗ್ರಹ ಒಂದೇ ಮನೆಯಲ್ಲಿ. ಅವರಿಗೆಲ್ಲ ಈಗ 60 ದಾಟಿದೆ. ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟು ಬಂದು, ಪೆನ್ಶನ್ ಬಂತಾ ಅಂತ ಬ್ಯಾಂಕಿಗೆ ಹೋಗುವವರೇ ಅವರಲ್ಲಿ ಜಾಸ್ತಿ.

ಮೋಕ್ಷ ಅಂದ ಕೂಡಲೇ ಸನ್ಯಾಸ ಅಂದುಕೊಳ್ಳೋದೇ ಇಲ್ಲಿ ಆಗಿರುವ ದೊಡ್ಡ ಗೊಂದಲ. ಜಾತಕದ ಹನ್ನೆರಡು ಮನೆಯನ್ನು ನಾಲ್ಕು ಪುರುಷಾರ್ಥಕ್ಕೆ ಮೂರು ಮೂರು ಹಂಚಿದ್ದಾರೆ. 1, 5, 9 ಧರ್ಮಕ್ಕೆ. 2, 6, 10 ಅರ್ಥಕ್ಕೆ. 3, 7, 11 ಕಾಮಕ್ಕೆ. 4, 8, 12 ಮೋಕ್ಷಕ್ಕೆ. ಈ ನಾಲ್ಕೂ ಒಬ್ಬನೇ ಮನುಷ್ಯನಲ್ಲಿ ಇರುತ್ತವೆ, ಒಂದು ಬಂದರೆ ಇನ್ನೊಂದು ಹೋಗಬೇಕು ಅಂತ ಎಲ್ಲೂ ಇಲ್ಲ. 12ನೇ ಮನೆ ಮೋಕ್ಷವೂ ಹೌದು, ಖರ್ಚೂ ಹೌದು, ಹಾಸಿಗೆ ಸುಖವೂ ಅದೇ, ಪರದೇಶವೂ ಅದೇ. ಮದುವೆ ಕೆಡಿಸುವಾಗ ಮಾತ್ರ ಅದಕ್ಕೆ ಮೋಕ್ಷ ಒಂದೇ ಅರ್ಥ ಆಗಿಬಿಡುತ್ತದೆ.

ಜೈಮಿನಿ ಪದ್ಧತಿಯಲ್ಲಿ ಕಾರಕಾಂಶ ಅಂತ ಇದೆ, ನಿಮ್ಮಂಥವರ ಜಾತಕಕ್ಕೆ ನನಗೆ ಇದೇ ಹಿಡಿಸುತ್ತದೆ. ಯಾವ ರಾಶಿಯಲ್ಲೇ ಇರಲಿ, ಡಿಗ್ರಿಯಲ್ಲಿ ಎಲ್ಲರಿಗಿಂತ ಮುಂದೆ ಇರುವ ಗ್ರಹ ಆತ್ಮಕಾರಕ. ಅದು ನವಾಂಶದಲ್ಲಿ ಕೂತ ರಾಶಿ ಕಾರಕಾಂಶ. ಅಲ್ಲಿಂದ 12ನೇ ರಾಶಿ ನೋಡಿ ಇಷ್ಟದೇವತೆ ಯಾರು, ಮುಂದಿನ ಗತಿ ಏನು ಅಂತ ಹೇಳುವ ಸಂಪ್ರದಾಯ. ಇಲ್ಲಿ ಲಗ್ನದ ಮಾತೇ ಬರಲ್ಲ, ಗ್ರಹದ ಡಿಗ್ರಿ ಸಾಕು, ಹಾಗಾಗಿ 5.40 ಆಗಲಿ 5.50 ಆಗಲಿ ಉತ್ತರ ಸಾಮಾನ್ಯವಾಗಿ ಒಂದೇ ಬರುತ್ತದೆ. ಅಲ್ಲಿ ಕೇತು ಇದ್ದರೆ ಕೈವಲ್ಯ ಅನ್ನುತ್ತಾರೆ, ನಿಜ. ಆದರೆ ಅದು ದೇಹ ಬಿಟ್ಟ ಮೇಲಿನ ಗತಿಯ ಮಾತು. ಈ ಜನ್ಮದಲ್ಲಿ ಹೆಂಡತಿ ಮಕ್ಕಳು ಇರಲ್ಲ ಅಂತ ಅದರಲ್ಲಿ ಎಲ್ಲಿದೆ?

ನಮ್ಮ ನೆಲದಲ್ಲೇ ನೋಡಿ. ರಾಯಚೂರು ಜಿಲ್ಲೆ ದಾಸರ ಜಿಲ್ಲೆ. ಚೀಕಲಪರವಿಯ ವಿಜಯದಾಸರು ಸಂಸಾರಿಗಳು. ಮಾನ್ವಿಯ ಜಗನ್ನಾಥದಾಸರೂ ಸಂಸಾರಿಗಳೇ. ಅವರ ಹಾಡುಗಳನ್ನು ಇವತ್ತಿಗೂ ಬೆಳಗ್ಗೆ ಎದ್ದು ಹೇಳುವ ಮನೆಗಳು ಎಷ್ಟಿಲ್ಲ. ಇನ್ನು ಶರಣರ ದಾರಿಯಲ್ಲಿ ನಡೆಯುವ ಮನೆಗಳಲ್ಲಂತೂ ಸಂಸಾರ, ಕಾಯಕ ಬಿಟ್ಟು ದೇವರಿಲ್ಲ, ಲಗ್ನ ತಿಥಿಯ ಗೊಡವೆಯೇ ಬೇಡ ಅಂದವರು ಅವರು (ಇದನ್ನು ಜ್ಯೋತಿಷಿಯೇ ಹೇಳಬಾರದೇನೋ, ಇರಲಿ). ಮಂತ್ರಾಲಯದ ರಾಯರು ಸಂಸಾರದಲ್ಲಿದ್ದವರು, ಆಮೇಲೆ 1621ರಲ್ಲಿ ಸನ್ಯಾಸ ತಗೊಂಡರು ಅಂತ ನೀವು ಕೇಳಬಹುದು. ಹೌದು. ಆದರೆ ಅಲ್ಲಿ ಒಂದು ಪೀಠ ಇತ್ತು, ಉತ್ತರಾಧಿಕಾರಿ ಬೇಕು ಅಂತ ಕೇಳಿದ ಗುರುಗಳಿದ್ದರು, ವರ್ಷಗಳ ವೇದಾಂತದ ಓದು ಇತ್ತು. ನಿಮ್ಮ ತಮ್ಮನ ಬೆನ್ನ ಹಿಂದೆ ಅಂಥದ್ದೇನಾದರೂ ಇದೆಯಾ? ಯಾವುದಾದರೂ ಮಠದಲ್ಲಿ ಇದ್ದು ಬರುತ್ತಾನಾ, ಸ್ವಾಮಿಗಳ ಹತ್ತಿರ ದೀಕ್ಷೆಯ ಮಾತು ಆಡಿದ್ದಾನಾ? ನಿಮ್ಮ ಪತ್ರದಲ್ಲಿ ಅದು ಯಾವುದೂ ಇಲ್ಲ. ಮಾಲೆ ಹಾಕುತ್ತಾನೆ, ವ್ರತ ಮುಗಿಸಿ ಅಂಜನಾದ್ರಿಗೆ ಹೋಗಿ ಮಾಲೆ ಇಳಿಸುತ್ತಾನೆ, ಬಂದು ಮತ್ತೆ ಮಿಲ್ ಲೆಕ್ಕ ಬರೆಯುತ್ತಾನೆ. ಮಾರ್ಗಶಿರದಲ್ಲಿ ಆ ಬೆಟ್ಟದ ತುಂಬ ಅಂಥ ಹುಡುಗರೇ.

ಜಾತಕದ ಮಾತು ಇಲ್ಲಿಗೆ ನಿಲ್ಲಿಸಿ ಒಂದು ಕೇಳಲಾ? ಇಷ್ಟೆಲ್ಲ ಆಯಿತು, ನಿಮ್ಮ ತಮ್ಮನನ್ನು ಯಾರಾದರೂ ಕೇಳಿದಿರಾ? ಅವನಿಗೆ 29. ಅವನಿಗೆ ಮದುವೆ ಬೇಕಾ ಬೇಡವಾ ಅನ್ನೋದು ಅವನ ಬಾಯಲ್ಲೇ ಇದೆ. ನಾಲ್ಕು ಜನರ ಮುಂದೆ ಬೇಡ, ಅಪ್ಪ ಅವ್ವ ಕೂತಲ್ಲೂ ಬೇಡ. ಒಂದು ಶನಿವಾರ ನೀವೂ ಅವನ ಜೊತೆ ಬೆಟ್ಟ ಹತ್ತಿ, ಇಳಿಯುವಾಗ ಸುಮ್ನೆ ಕೇಳಿ. ಬೇಕು ಅಂದರೆ, ಆ ಹುಡುಗಿ ಅವನ ಹತ್ತಿರ ನೇರವಾಗಿ ಮಾತಾಡಲು ಒಂದು ಸಂದರ್ಭ ಮಾಡಿಕೊಡಿ, ಆಕೆಗೂ ಕೇಳುವ ಹಕ್ಕಿದೆ. ಜಪದ ಹೊತ್ತು, ಮಾಲೆ ಹಾಕಿದಾಗಿನ ವ್ರತ, ಮನೆಯಲ್ಲಿ ಊಟದ ನೇಮ, ಇದೆಲ್ಲ ಮದುವೆ ಆದಮೇಲೆ ಆಕೆಯ ದಿನಚರಿಗೂ ಬರುವ ಸಂಗತಿಗಳು, ಈಗಲೇ ಗೊತ್ತಿದ್ದರೆ ಒಳ್ಳೆಯದು. ಬೇಡ ಅಂದರೆ, ಅವನ ವಿಂಶಾಂಶದಲ್ಲಿ ಕೇತು ಎಲ್ಲೇ ಇರಲಿ, ಒತ್ತಾಯ ಮಾಡಿ ಒಂದು ಹೆಣ್ಣುಮಗಳನ್ನು ತಂದು ಕಷ್ಟಕ್ಕೆ ಸಿಕ್ಕಿಸಬೇಡಿ. ಮದುವೆ ಬೇಡ ಅನ್ನುವ ಎಲ್ಲರೂ ಸನ್ಯಾಸಿಗಳೂ ಅಲ್ಲ. ಸಂಬಳ ಸಾಲಲ್ಲ ಅನ್ನೋ ಭಯ ಇರಬಹುದು, ಮನಸ್ಸಿನಲ್ಲಿ ಬೇರೆ ಯಾರಾದರೂ ಇರಬಹುದು. ಕೆಲಸ, ಊಟ, ನಿದ್ದೆ ಯಾವುದೂ ಬೇಡ ಅಂತ ಸಪ್ಪಗೆ ಕೂತುಬಿಟ್ಟಿದ್ದರೆ ಅದು ವೈರಾಗ್ಯ ಅಂತ ಬಿಡಬೇಡಿ, ಡಾಕ್ಟರಿಗೆ ತೋರಿಸಿ. ನೀವು ಬರೆದದ್ದು ನೋಡಿದರೆ ಹಾಗೇನೂ ಕಾಣಲ್ಲ.

ಹುಡುಗಿ ಕಡೆಯವರು ಆದರೂ ಜಾತಕ ನೋಡಲೇಬೇಕು ಅಂದರೆ ನೋಡಲಿ, ಅದರಲ್ಲಿ ತಪ್ಪೇನಿಲ್ಲ. ಊರು ಗಂಗಾವತಿ, ಹೊತ್ತು ಚೀಟಿಯದ್ದು, ಅಯನಾಂಶ ಯಾವುದು ಅಂತ ಎರಡೂ ಮನೆಯವರು ಮೊದಲೇ ಮಾತಾಡಿಕೊಳ್ಳಿ. ರಾಶಿ ಕುಂಡಲಿ, ನವಾಂಶದ ಗ್ರಹಸ್ಥಿತಿ, ನಡೆಯುವ ದಶೆ, ಇಷ್ಟರಲ್ಲಿ ನಿಲ್ಲಿಸಲಿ. ಹುಟ್ಟಿದ ಹೊತ್ತನ್ನು ಸೆಕೆಂಡಿಗೆ ತಿದ್ದಿಕೊಡುತ್ತೇವೆ ಅನ್ನುವವರು ಸಿಗುತ್ತಾರೆ. ಬದುಕಿನಲ್ಲಿ ಆದ ದೊಡ್ಡ ಘಟನೆಗಳನ್ನಿಟ್ಟು ಹಿಂದಕ್ಕೆ ಲೆಕ್ಕ ಹಾಕುವ ಪದ್ಧತಿ ಅದು. 29ರ ಹುಡುಗ, ಮದುವೆ ಇಲ್ಲ, ಮಕ್ಕಳಿಲ್ಲ, ಇರೋದು ಒಂದೇ ಕೆಲಸ, ಯಾವ ಘಟನೆ ಇಟ್ಟು ತಿದ್ದುತ್ತಾರೆ? ಅದಕ್ಕೂ ದುಡ್ಡು ಕೊಡಬೇಡಿ.

ಕೊನೆಗೆ ವೈಡೂರ್ಯ. ವಿಂಶಾಂಶ ನೋಡಿ ಹರಳು ಹಾಕಿಸುವ ಪದ್ಧತಿಯನ್ನು ನಾನು ಯಾವ ಹಳೆಯ ಗ್ರಂಥದಲ್ಲೂ ಓದಿಲ್ಲ. ಆಮೇಲೆ ತಮಾಷೆ ನೋಡಿ, ಹರಳು ಹಾಕೋದು ಗ್ರಹದ ಬಲ ಹೆಚ್ಚಿಸಲು ಅಂತ ಅವರೇ ಹೇಳುತ್ತಾರೆ. ವೈಡೂರ್ಯ ಕೇತುವಿನ ಹರಳು. ಕೇತುವಿನಿಂದ ಹುಡುಗ ಸನ್ಯಾಸಿ ಆಗುತ್ತಾನೆ ಅಂತ ಹೆದರಿಸಿದವರೇ ಕೇತುವಿಗೆ ಇನ್ನಷ್ಟು ಬಲ ಕೊಡಿ ಅಂತಿದ್ದಾರೆ! ಅಡ್ವಾನ್ಸ್ ಕೊಟ್ಟಿದ್ದರೆ ಉಂಗುರ ಮಾಡಿಸುವ ಮೊದಲೇ ಅಂಗಡಿಗೆ ಹೋಗಿ ವಾಪಸ್ ಕೇಳಿ, ಒಮ್ಮೆ ಬಂಗಾರಕ್ಕೆ ಕೂರಿಸಿದ ಮೇಲೆ ಹರಳಿಗೆ ಕೊಟ್ಟ ಬೆಲೆ ತಿರುಗಿ ಬರೋದು ಕಷ್ಟ.